ವರ್ಷಕ್ಕೆ 52 ಪೌಂಡ್: ಇಂಗ್ಲೆಂಡಿನ ಬಾಡಿಗೆ ಮನೆ ಮತ್ತು ಮಾಲೀಕನ ಹೊಣೆ

ಉತ್ತರ ಇಂಗ್ಲೆಂಡಿನ ಪೆನೈನ್ ಬೆಟ್ಟಗಳ ನಡುವೆ, ಕಾಲ್ಡರ್ ನದಿಗೆ ಹೆಬ್ಡನ್ ಹೊಳೆ ಬಂದು ಸೇರುವ ಕಡಿದಾದ ಕಣಿವೆಯಲ್ಲಿರುವ ಹೆಬ್ಡನ್ ಬ್ರಿಜ್ ಎಂಬ ಸಣ್ಣ ಪಟ್ಟಣವು ಹತ್ತೊಂಬತ್ತನೆಯ ಶತಮಾನದಲ್ಲಿ ಫಸ್ಟಿಯನ್ ಎಂಬ ದಪ್ಪ ಹತ್ತಿಬಟ್ಟೆಗೂ ಅದರಿಂದ ಹೊಲಿದ ದುಡಿಮೆಗಾರರ ಷರಾಯಿಗಳಿಗೂ ಹೆಸರಾಗಿತ್ತು. ಕಾಲುವೆ, ರೈಲುಮಾರ್ಗ ಮತ್ತು ಗಿರಣಿಗಳು ಕಣಿವೆಯ ತಳದ ಸಮತಟ್ಟು ನೆಲವನ್ನು ಬಹುಪಾಲು ತುಂಬಿಕೊಂಡಾಗ ಕೆಲಸಗಾರರ ಮನೆಗಳು ಇಳಿಜಾರನ್ನೇರಬೇಕಾಯಿತು; ಹಾಗೆ ಹುಟ್ಟಿದ ನಾಲ್ಕಂತಸ್ತಿನ ಕಲ್ಲಿನ ಸಾಲುಗಳಲ್ಲಿ ಕೆಳಗಿನ ಎರಡು ಅಂತಸ್ತು ಕಣಿವೆಗೆ ಮುಖಮಾಡಿದ ಒಂದು ಮನೆಯಾದರೆ, ಮೇಲಿನ ಎರಡು ಅಂತಸ್ತು ಬೆಟ್ಟದ ಕಡೆಯ ಬೀದಿಗೆ ಬಾಗಿಲು ತೆರೆಯುವ ಮತ್ತೊಂದು ಮನೆಯಾಯಿತು. ಕೆಳಮನೆಯ ಹಿಂಗೋಡೆ ಬೆಟ್ಟದ ಮಣ್ಣಿಗೆ ಒತ್ತಿಕೊಂಡಿದ್ದರಿಂದ ಅಲ್ಲಿ ಕಿಟಕಿಗೆ ಎಡೆಯಿರಲಿಲ್ಲ, ಗಾಳಿ ಹಾಯುತ್ತಿರಲಿಲ್ಲ, ತೇವ ಗೋಡೆಗೆ ಇಳಿಯುವುದು ಸಹಜವಾಗಿತ್ತು. ಇಂಥ ಮನೆಯನ್ನು ಬಾಡಿಗೆಗೆ ಕೊಟ್ಟವನು ಅದರ ಸ್ಥಿತಿಗೆ ಎಷ್ಟರಮಟ್ಟಿಗೆ ಹೊಣೆ ಎಂಬ ಪ್ರಶ್ನೆಗೆ ಇಂಗ್ಲಿಷ್ ಕಾನೂನು ನೇರವಾದ ಉತ್ತರ ಕೊಡಲು ಬಹುದೀರ್ಘ ಕಾಲ ತೆಗೆದುಕೊಂಡಿತು.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೂ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮುಕ್ಕಾಲು ಭಾಗದಷ್ಟು ಕುಟುಂಬಗಳು ಖಾಸಗಿ ಮಾಲೀಕರ ಬಾಡಿಗೆ ಮನೆಗಳಲ್ಲಿದ್ದವು. ಆ ಮಾಲೀಕರಲ್ಲಿ ಬಹಳ ಮಂದಿ ದೊಡ್ಡ ಜಮೀನುದಾರರಾಗಿರದೆ ಅಂಗಡಿಕಾರರು, ಕಟ್ಟಡದ ಮೇಸ್ತ್ರಿಗಳು, ವಿಧವೆಯರು ಮುಂತಾದ ಸಣ್ಣ ಉಳಿತಾಯದ ಜನರಾಗಿದ್ದರು. ಸರ್ಕಾರಿ ಸಾಲಪತ್ರಗಳ ಬಡ್ಡಿ ಕಡಿಮೆ, ದೂರದ ಕಂಪನಿಗಳ ಷೇರು ಅಪಾಯಕರ, ಕಣ್ಣೆದುರಿನ ಎರಡು ಮೂರು ಮನೆಗಳ ವಾರದ ಬಾಡಿಗೆ ಮಾತ್ರ ಖಚಿತ ಎಂಬ ಲೆಕ್ಕಾಚಾರವು ಸಣ್ಣ ಪಟ್ಟಣದ ಹಣವನ್ನು ಕಲ್ಲಿನ ಗೋಡೆಗಳಿಗೆ ಎಳೆಯುತ್ತಿತ್ತು. ಊರಿನ ವಕೀಲನು ಒಬ್ಬರ ಉಳಿತಾಯವನ್ನು ಇನ್ನೊಬ್ಬರಿಗೆ ಅಡಮಾನ ಸಾಲವಾಗಿ ಕೊಡಿಸುತ್ತಿದ್ದನು. ಸದಸ್ಯರ ಹಣ ಕೂಡಿಸಿ ಮನೆಗೆ ಸಾಲ ಕೊಡುವ ಸಂಘಗಳೂ ಬೆಳೆದವು. ಅವುಗಳಲ್ಲಿ ಮುಂದೆ ಅತ್ಯಂತ ಪ್ರಸಿದ್ಧವಾದ ಹ್ಯಾಲಿಫ್ಯಾಕ್ಸ್ ಸಂಘವು 1853ರಲ್ಲಿ ಹುಟ್ಟಿದ್ದು ಹೆಬ್ಡನ್ ಬ್ರಿಜ್‌ನ ನೆರೆಯ ಪಟ್ಟಣದಲ್ಲೇ. ಈ ಲೆಕ್ಕಾಚಾರದಲ್ಲಿ ದುರಸ್ತಿಯ ವೆಚ್ಚವು ಹುಟ್ಟುವಳಿಯನ್ನು ತಿನ್ನುವ ಬಾಬತ್ತಾಗಿತ್ತೇ ಹೊರತು ಕರ್ತವ್ಯವಾಗಿರಲಿಲ್ಲ.

ಕಾನೂನೂ ಮಾಲೀಕನನ್ನು ಹಾಗೆಯೇ ಕಂಡಿತ್ತು. 1843ರಲ್ಲಿ ಸ್ಮಿತ್ ಮತ್ತು ಮಾರಬಲ್ ನಡುವಿನ ಮೊಕದ್ದಮೆಯಲ್ಲಿ, ಬ್ರೈಟನ್‌ನಲ್ಲಿ ಪೀಠೋಪಕರಣ ಸಹಿತ ಬಾಡಿಗೆಗೆ ಹಿಡಿದ ಮನೆಯ ತುಂಬ ತಿಗಣೆ ಕಂಡು ಬಾಡಿಗೆದಾರರು ಬಿಟ್ಟುಹೋದದ್ದು ಸರಿಯೆಂದೂ, ಅಂಥ ಮನೆ ವಾಸಯೋಗ್ಯವಾಗಿರಬೇಕೆಂಬ ಷರತ್ತು ಕರಾರಿನಲ್ಲಿ ಬರೆಯದಿದ್ದರೂ ಅಡಕವಾಗಿರುತ್ತದೆಂದೂ ನ್ಯಾಯಾಲಯ ಹೇಳಿತು. ಆದರೆ ಅದೇ ವರ್ಷದ ಇನ್ನೊಂದು ಮೊಕದ್ದಮೆಯಲ್ಲಿ ಪೀಠೋಪಕರಣವಿಲ್ಲದ ಬರಿಯ ಮನೆಗೆ, ಅಂದರೆ ಬಡವರು ಬಾಡಿಗೆಗೆ ಹಿಡಿಯುವ ಬಗೆಯ ಮನೆಗೆ, ಈ ಷರತ್ತು ಅನ್ವಯಿಸದೆಂದು ತೀರ್ಮಾನವಾಯಿತು. ನೋಡಿ ಹಿಡಿದವನೇ ಅನುಭವಿಸಬೇಕು ಎಂಬ ಈ ನಿಲುವು, ಬೇರೆ ಮನೆ ಹುಡುಕಿಕೊಳ್ಳಬಲ್ಲವನಿಗೆ ರಕ್ಷಣೆ ಕೊಟ್ಟು ಹುಡುಕಲಾರದವನನ್ನು ಕೈಬಿಟ್ಟಿತು.

ಬಡವರ ವಸತಿಯನ್ನು ಕುರಿತ ರಾಯಲ್ ಕಮಿಷನ್ನಿನ ವಿಚಾರಣೆಯ ಬೆನ್ನಿಗೆ ಬಂದ 1885ರ ಕಾಯ್ದೆಯು ಮೊದಲ ಬಾರಿಗೆ ಇದನ್ನು ತಿದ್ದಿ, ಕಡಿಮೆ ಬಾಡಿಗೆಯ ಮನೆಗಳು ಕರಾರಿನ ಆರಂಭದಲ್ಲಿ ಮನುಷ್ಯವಾಸಕ್ಕೆ ಯೋಗ್ಯವಾಗಿರಲೇಬೇಕೆಂದು ವಿಧಿಸಿತು. 1909ರ ಕಾಯ್ದೆಯು ಈ ಹೊಣೆಯನ್ನು ಕರಾರಿನ ಇಡೀ ಅವಧಿಗೆ ವಿಸ್ತರಿಸಿತಲ್ಲದೆ, ಬೆನ್ನಿಗೆ ಬೆನ್ನು ಕೊಟ್ಟು ಹಿಂಬದಿಯ ಗಾಳಿಬೆಳಕೇ ಇಲ್ಲದಂತೆ ಕಟ್ಟುವ ಮನೆಗಳನ್ನೂ ನಿಷೇಧಿಸಿತು. ಆದರೆ ಎರಡೂ ಕಾಯ್ದೆಗಳು ಹೊಣೆಯನ್ನು ಬಾಡಿಗೆಯ ಮೊತ್ತಕ್ಕೆ ಕಟ್ಟಿಹಾಕಿದವು. 1909ರಲ್ಲಿ ಲಂಡನ್ನಿಗೆ ವರ್ಷಕ್ಕೆ 40 ಪೌಂಡ್, ಐವತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳಿಗೆ 26 ಪೌಂಡ್, ಹೆಬ್ಡನ್ ಬ್ರಿಜ್‌ನಂಥ ಸಣ್ಣ ಊರುಗಳಿಗೆ 16 ಪೌಂಡ್ ಎಂದು ಮಿತಿ ಹಾಕಲಾಯಿತು. 1957ರಲ್ಲಿ ಅದನ್ನು ಲಂಡನ್ನಿಗೆ 80, ಉಳಿದೆಡೆಗೆ 52 ಪೌಂಡಿಗೆ ಏರಿಸಲಾಯಿತು. 52 ಪೌಂಡ್ ಎಂದರೆ ವಾರಕ್ಕೆ ಒಂದು ಪೌಂಡ್. ಅಲ್ಲಿಂದ ಮುಂದೆ ಅರವತ್ತು ವರ್ಷ ಯಾವ ಸರ್ಕಾರವೂ ಈ ಅಂಕಿಯನ್ನು ಮುಟ್ಟಲಿಲ್ಲ. 1985ರಲ್ಲಿ ಬಾಡಿಗೆಯ ಕಾನೂನುಗಳನ್ನೆಲ್ಲ ಒಟ್ಟುಗೂಡಿಸಿ ಮರಳಿ ಬರೆದಾಗಲೂ, ವಾರಕ್ಕೆ ಒಂದು ಪೌಂಡಿಗೆ ದೇಶದಲ್ಲೆಲ್ಲೂ ಮನೆ ಸಿಗದ ಆ ಕಾಲದಲ್ಲಿ, ಅದೇ ಅಂಕಿಯನ್ನು ಹಾಗೆಯೇ ನಕಲು ಮಾಡಲಾಯಿತು. ಹಕ್ಕನ್ನು ಯಾರೂ ರದ್ದುಮಾಡಲಿಲ್ಲ, ಹಣದುಬ್ಬರವೇ ಅದನ್ನು ಕೊಂದಿತು. ಇಂಗ್ಲೆಂಡಿನ ವಸತಿ ಕಾನೂನಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಉಪೇಕ್ಷೆ ಬೇರೊಂದಿಲ್ಲ.

ಇಷ್ಟರಲ್ಲಿ ಬಾಡಿಗೆ ಮನೆಗೆ ಹಣ ಹೂಡುವವರೇ ಕಡಿಮೆಯಾಗಿದ್ದರು. 1915ರಲ್ಲಿ, ಗ್ಲಾಸ್ಗೋ ನಗರದ ಮಹಿಳೆಯರು ಮುಂದೆ ನಿಂತು ನಡೆಸಿದ ಬಾಡಿಗೆ ಮುಷ್ಕರದ ಪರಿಣಾಮವಾಗಿ ಸರ್ಕಾರವು ಬಾಡಿಗೆಯನ್ನೂ ಅಡಮಾನ ಸಾಲದ ಬಡ್ಡಿಯನ್ನೂ ಯುದ್ಧಾರಂಭದ ಮಟ್ಟಕ್ಕೆ ಬಿಗಿಹಿಡಿಯಿತು. ತಾತ್ಕಾಲಿಕವೆಂದು ಬಂದ ಈ ನಿಯಂತ್ರಣವು ನಾನಾ ರೂಪಗಳಲ್ಲಿ 1980ರ ದಶಕದವರೆಗೂ ಉಳಿದುದರಿಂದ ಸಣ್ಣ ಹೂಡಿಕೆದಾರನು ದುರಸ್ತಿ ನಿಲ್ಲಿಸಿದನು, ಮನೆ ಖಾಲಿಯಾದೊಡನೆ ಮಾರಿದನು, ಹಣವನ್ನು ಬೇರೆಡೆ ಹಾಕಿದನು. 1957ರಲ್ಲಿ ನಿಯಂತ್ರಣ ಸಡಿಲಿಸಿದಾಗ ಬಂಡವಾಳ ಮರಳುವ ಬದಲು, ಲಂಡನ್ನಿನಲ್ಲಿ ಪೀಟರ್ ರಾಕ್‌ಮನ್‌ನಂಥವರು ಹಳೆಯ ಬಾಡಿಗೆದಾರರನ್ನು ಬೆದರಿಸಿ ಹೊರಹಾಕುವ ದಂಧೆ ಬೆಳೆದು, ಕೋರ್ಟಿನ ಆದೇಶವಿಲ್ಲದೆ ಯಾರನ್ನೂ ತೆರವುಗೊಳಿಸಬಾರದೆಂಬ ಕಾನೂನು ತರಬೇಕಾಯಿತು.

ದುರಸ್ತಿಯ ಮಟ್ಟಿಗೆ 1961ರ ಕಾಯ್ದೆ ಒಂದು ಗಟ್ಟಿ ಹೆಜ್ಜೆ. ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಕರಾರುಗಳಲ್ಲಿ ಕಟ್ಟಡದ ರಚನೆ, ಹೊರಮೈ, ನೀರು, ಗ್ಯಾಸ್, ವಿದ್ಯುತ್ತು ಮತ್ತು ಶೌಚದ ಏರ್ಪಾಡುಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಅದು ಮಾಲೀಕನ ಮೇಲೆ ಹಾಕಿತು. ಬಾಡಿಗೆಯ ಮಿತಿಯ ಮಾತು ಇಲ್ಲಿರಲಿಲ್ಲ. ಆದರೆ ದುರಸ್ತಿ ಎಂದರೆ ಕೆಟ್ಟದ್ದನ್ನು ಸರಿಪಡಿಸುವುದು. ಕಟ್ಟುವಾಗಲೇ ದೋಷವಿದ್ದ ಮನೆಯಲ್ಲಿ ಏನೂ ಕೆಟ್ಟಿಲ್ಲವಲ್ಲ ಎಂದು ವಾದಿಸಬಹುದಿತ್ತು, ಮತ್ತು 1985ರಲ್ಲಿ ಮೇಲ್ಮನವಿ ನ್ಯಾಯಾಲಯವು ಸರಿಯಾಗಿ ಅದನ್ನೇ ಎತ್ತಿಹಿಡಿಯಿತು: ತಣ್ಣನೆಯ ಕಿಟಕಿ ಚೌಕಟ್ಟಿನಿಂದ ನೀರು ಬೆವೆತು ಬಟ್ಟೆಬರೆ ಬೂಸ್ಟು ಹಿಡಿದರೂ ಕಟ್ಟಡದ ಭಾಗವೇ ಹಾಳಾಗದಿದ್ದರೆ ಮಾಲೀಕನು ಹೊಣೆಯಲ್ಲ. ಬೆಟ್ಟಕ್ಕೆ ಬೆನ್ನು ಕೊಟ್ಟ ಕೆಳಮನೆಗಳ ಬಾಡಿಗೆದಾರರಿಗೆ ಈ ತೀರ್ಪು ಏನು ಉಳಿಸಿತೆಂದು ಊಹಿಸುವುದು ಕಷ್ಟವಲ್ಲ.

ಒಂದರ ಮೇಲೊಂದು ಕೂತ ಈ ಮನೆಗಳಿಗೆ ಇನ್ನೊಂದು ತೊಡಕೂ ಇತ್ತು. ಒಬ್ಬನ ಕಟ್ಟಡದ ಮೇಲೆ ಇನ್ನೊಬ್ಬನಿಗೆ ಪೂರ್ಣ ಒಡೆತನವಿರುವುದನ್ನು ಅಲ್ಲಿ ಹಾರುವ ಒಡೆತನ ಎನ್ನುತ್ತಾರೆ. ಮೇಲ್ಮನೆಯವನು ಸೂರನ್ನು ದುರಸ್ತಿಯಲ್ಲಿಡುವುದಾಗಿ ಕೆಳಮನೆಯವನಿಗೆ ಬರೆದುಕೊಟ್ಟರೂ, ಅವನು ಮನೆ ಮಾರಿದ ಮೇಲೆ ಕೊಂಡವನು ಆ ಮಾತಿಗೆ ಬದ್ಧನಲ್ಲ. ಹಣ ಖರ್ಚುಮಾಡಬೇಕಾದ ಕರಾರು ಪೂರ್ಣ ಒಡೆತನದ ಭೂಮಿಯೊಡನೆ ಕೈಬದಲಾಗುವುದಿಲ್ಲವೆಂದು ಓಲ್ಡಮ್ ಪಟ್ಟಣದ ರಸ್ತೆಯೊಂದನ್ನು ಕುರಿತ 1885ರ ಮೊಕದ್ದಮೆ ಹೇಳಿತ್ತು. ಒಂದೇ ಸೂರಿನಡಿಯ ಎರಡು ಮನೆಗಳನ್ನು ಕುರಿತ 1994ರ ಮೊಕದ್ದಮೆಯಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠವೂ ಇದನ್ನೇ ದೃಢಪಡಿಸಿತು. ಇಂಥ ಆಸ್ತಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುವುದು ಈ ಕಾರಣದಿಂದಲೇ. ಕೆಳಮನೆಯನ್ನು ಬಾಡಿಗೆಗೆ ಕೊಡುವವನ ಸ್ಥಿತಿ ಇಲ್ಲಿ ಇಕ್ಕಟ್ಟಿನದು, ಏಕೆಂದರೆ ಸೂರು ಸೋರಿ ತೊಂದರೆಯಾದರೆ ಬಾಡಿಗೆದಾರನಿಗೆ ಉತ್ತರ ಕೊಡಬೇಕಾದವನು ಅವನು, ಆದರೆ ಸೂರು ಅವನದಲ್ಲ.

1980ರ ದಶಕದ ಕೊನೆಗೆ ಖಾಸಗಿ ಬಾಡಿಗೆಯ ಪಾಲು ಶೇಕಡಾ ಹತ್ತಕ್ಕಿಂತಲೂ ಕೆಳಗಿಳಿದಿತ್ತು. 1988ರ ಕಾಯ್ದೆಯು ಹೊಸ ಕರಾರುಗಳಿಗೆ ಬಾಡಿಗೆ ನಿಯಂತ್ರಣವನ್ನು ತೆಗೆದು, 21ನೆಯ ಕಲಮಿನ ಮೂಲಕ ಯಾವ ಕಾರಣವನ್ನೂ ಕೊಡದೆ ಎರಡು ತಿಂಗಳ ನೋಟಿಸಿನಿಂದ ಮನೆ ಬಿಡಿಸಿಕೊಳ್ಳುವ ಹಕ್ಕನ್ನು ಮಾಲೀಕನಿಗೆ ಕೊಟ್ಟಿತು. 1996ರಲ್ಲಿ ಬಾಡಿಗೆಯ ಆದಾಯವನ್ನೇ ಆಧರಿಸಿ ಕೊಡುವ ಅಡಮಾನ ಸಾಲ ಮಾರುಕಟ್ಟೆಗೆ ಬಂದಮೇಲೆ ಸಣ್ಣ ಹೂಡಿಕೆದಾರನು ಮರಳಿದನು. ಗಿರಣಿಗಳು ಮುಚ್ಚಿ 1960ರ ದಶಕದಲ್ಲಿ ಮನೆಗಳನ್ನು ಕೆಡವುವ ಸ್ಥಿತಿಗೆ ಬಂದಿದ್ದ ಹೆಬ್ಡನ್ ಬ್ರಿಜ್, ಕಲಾವಿದರೂ ಲೀಡ್ಸ್, ಮ್ಯಾಂಚೆಸ್ಟರ್‌ಗಳಿಗೆ ರೈಲಿನಲ್ಲಿ ಓಡಾಡುವ ನೌಕರರೂ ಬಂದು ನೆಲೆಸಿದ್ದರಿಂದ ದುಬಾರಿ ಊರಾಗಿ ಬದಲಾಗಿತ್ತು. ಹಾಗಿದ್ದರೂ ಅಲ್ಲಿ ಹಣ ಹೂಡುವವನು ನದಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. 2012ರಲ್ಲೂ 2015ರ ಕ್ರಿಸ್‌ಮಸ್‌ನ ಮರುದಿನವೂ ಪ್ರವಾಹ ಪಟ್ಟಣಕ್ಕೆ ನುಗ್ಗಿತ್ತು.

1988ರ ನಂತರದ ವರ್ಷಗಳಲ್ಲಿ ಹೊಣೆಯ ಪಟ್ಟಿ ಬೇಗ ಬೆಳೆಯಿತು. ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ, ಐದು ವರ್ಷಕ್ಕೊಮ್ಮೆ ವಿದ್ಯುತ್ ತಪಾಸಣೆ, 2007ರಿಂದ ಮುಂಗಡ ಠೇವಣಿಯನ್ನು ಮಾನ್ಯತೆ ಪಡೆದ ಯೋಜನೆಯಲ್ಲಿ ಇಡುವುದು, 2018ರಿಂದ ಕನಿಷ್ಠ ಇಂಧನ ದಕ್ಷತೆ ಇವೆಲ್ಲ ಕಡ್ಡಾಯವಾದವು. ಲಾಭದ ಲೆಕ್ಕವೂ ಬದಲಾಯಿತು: ಎರಡನೆಯ ಮನೆ ಕೊಳ್ಳುವವರಿಗೆ 2016ರಲ್ಲಿ ವಿಧಿಸಿದ ಶೇಕಡಾ 3ರ ಹೆಚ್ಚುವರಿ ಸ್ಟಾಂಪ್ ಶುಲ್ಕ 2024ರಲ್ಲಿ ಶೇಕಡಾ 5ಕ್ಕೇರಿತು, ಮತ್ತು 2017ರಿಂದ 2020ರ ನಡುವೆ, ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಪೂರ್ತಿ ಕಳೆದು ತೆರಿಗೆ ಕಟ್ಟುವ ಸೌಲಭ್ಯವನ್ನು ಹಂತಹಂತವಾಗಿ ಹಿಂತೆಗೆದುಕೊಳ್ಳಲಾಯಿತು. ಇದರಿಂದ ಸಣ್ಣ ಮಾಲೀಕರಿಗೆ ಹೊರೆಯಾದದ್ದು ನಿಜ; ಆದರೆ ಹೊಣೆ ಹೆಚ್ಚಿದ್ದೇ ಅನ್ಯಾಯವೆಂಬ ಅವರ ದೂರಿಗೆ ಇತಿಹಾಸದ ಬೆಂಬಲವಿಲ್ಲ, ಏಕೆಂದರೆ ಈ ಹೊಣೆಗಳಲ್ಲಿ ಎಲ್ಲಕ್ಕಿಂತ ಮೂಲವಾದದ್ದು 1885ರಷ್ಟು ಹಳೆಯದು.

ಸಂಸದೆ ಕ್ಯಾರೆನ್ ಬಕ್ ಮಂಡಿಸಿದ, 2019ರ ಮಾರ್ಚ್ 20ರಂದು ಜಾರಿಗೆ ಬಂದ ಕಾಯ್ದೆಯು ಇಂಗ್ಲೆಂಡಿನ ಮಟ್ಟಿಗೆ ಬಾಡಿಗೆಯ ಮಿತಿಯನ್ನು ಅಳಿಸಿಹಾಕಿ, ತೇವ, ಚಳಿ, ಗಾಳಿಬೆಳಕಿನ ಕೊರತೆಗಳು ಕಟ್ಟಡದ ಮೂಲದೋಷದಿಂದಲೇ ಬಂದಿದ್ದರೂ ಬಾಡಿಗೆದಾರನು ನೇರವಾಗಿ ಕೋರ್ಟಿಗೆ ಹೋಗಬಹುದೆಂದು ವಿಧಿಸಿತು. ಆದರೂ ದೂರು ಕೊಟ್ಟವನಿಗೆ ಕಾರಣ ಹೇಳದೆ ನೋಟಿಸು ಕೊಡಬಹುದಾಗಿದ್ದವರೆಗೆ ಆ ಹಕ್ಕು ಅರ್ಧ ಹಕ್ಕಾಗಿಯೇ ಇತ್ತು. ಆ ಅವಕಾಶವನ್ನು ಕೊಟ್ಟಿದ್ದ 21ನೆಯ ಕಲಮನ್ನು ರದ್ದುಪಡಿಸುವ ಕಾಯ್ದೆಗೆ 2025ರ ಅಕ್ಟೋಬರ್ 27ರಂದು ರಾಜಸಮ್ಮತಿ ದೊರೆಯಿತು; ರದ್ದತಿಯ ಜಾರಿಗೆ 2026ರ ಮೇ 1ನೆಯ ದಿನವನ್ನು ನಿಗದಿಮಾಡಲಾಯಿತು.