ಗಾಜುರೂಪಿ ಅರೆವಾಹಕಗಳು: ಸಂಶೋಧನೆಯ ಇತಿಹಾಸ

ಗಂಧಕ, ಸೆಲೆನಿಯಂ ಇಲ್ಲವೆ ಟೆಲ್ಯುರಿಯಂ ಜೊತೆಗೆ ಜರ್ಮೇನಿಯಂ, ಸಿಲಿಕಾನ್, ಆರ್ಸೆನಿಕ್‌ನಂಥ ಧಾತುಗಳನ್ನು ಕರಗಿಸಿ, ಹರಳುಗಟ್ಟಲು ಪುರುಸೊತ್ತು ಕೊಡದೆ ತಣಿಸಿದರೆ ಚಾಲ್ಕೊಜೆನೈಡ್ ಗಾಜು ಸಿಗುತ್ತದೆ. ಗಾಳಿ ತೆಗೆದು ಮುಚ್ಚಿದ ಕ್ವಾರ್ಟ್ಸ್ ಕೊಳವೆಯಲ್ಲಿ ಪಾಕ ಮಾಡಿ, ಮಂಜುಗಡ್ಡೆ ಬೆರೆಸಿದ ನೀರಿಗೆ ಹಾಕುವುದು ಪ್ರಯೋಗಾಲಯಗಳ ರೂಢಿ.

ಈ ಇತಿಹಾಸವನ್ನು 1968ರಿಂದ, ಅಂದರೆ ಒಂದು ವೋಲ್ಟೇಜ್ ದಾಟಿದೊಡನೆ ಗಾಜು ವಾಹಕವಾಗುವ ವಿದ್ಯುತ್ ಸ್ವಿಚಿಂಗ್ ಬಗ್ಗೆ ಅಮೆರಿಕದ ಎಸ್.ಆರ್. ಒವ್ಶಿನ್ಸ್ಕಿ ಪ್ರಕಟಿಸಿದಲ್ಲಿಂದ, ಆರಂಭಿಸುವ ವಾಡಿಕೆಯಿದೆ. ಅದು ಸರಿಯಲ್ಲ. ಈ ಗಾಜುಗಳು ಅರೆವಾಹಕಗಳೆಂದು ಲೆನಿನ್‌ಗ್ರಾಡ್‌ನ ಕೊಲೊಮಿಯೆಟ್ಸ್ ಮತ್ತು ಗೊರ್ಯುನೊವಾ 1955ರಲ್ಲೇ ತೋರಿಸಿದ್ದರು.

ಪರಮಾಣುಗಳ ಸಾಲು ಕ್ರಮಬದ್ಧವಾಗಿಲ್ಲದಿದ್ದರೆ ಶಕ್ತಿಪಟ್ಟಿಗಳು ಹೇಗೆ ಉಳಿಯುತ್ತವೆ ಎಂಬುದು ಆಗಿನ ತೊಡಕು. ಅವ್ಯವಸ್ಥೆಯಲ್ಲಿ ಇಲೆಕ್ಟ್ರಾನು ಒಂದೆಡೆ ಸಿಕ್ಕಿಬೀಳಬಹುದೆಂದು ಆಂಡರ್ಸನ್ 1958ರಲ್ಲಿ ಹೇಳಿದ್ದರು. ಪಟ್ಟಿಗಳ ಅಂಚು ಚೂಪಾಗಿರದೆ ನಡುವಿನ ಅಂತರದೊಳಗೆ ಬಾಲದಂತೆ ಚಾಚಿಕೊಂಡಿರುತ್ತದೆಂದು ಕೋಹೆನ್, ಫ್ರಿಟ್ಶ್ ಮತ್ತು ಒವ್ಶಿನ್ಸ್ಕಿ 1969ರಲ್ಲಿ ಮಾದರಿ ಕಟ್ಟಿದರು. ಮೇಲಿನ ತುಂಬಿದ ಪಟ್ಟಿಯು ಬಂಧಕ್ಕೆ ಸೇರದ ಒಂಟಿ ಜೋಡಿ ಇಲೆಕ್ಟ್ರಾನುಗಳದ್ದು ಎಂಬುದು ಕಾಸ್ಟ್ನರ್ ಅವರ 1972ರ ವಿವರಣೆ. ಆಂಡರ್ಸನ್ ಮತ್ತು ಇದೇ ಪ್ರಶ್ನೆಯ ಮೇಲೆ ಕೆಲಸ ಮಾಡಿದ್ದ ಮಾಟ್ 1977ರಲ್ಲಿ ವಾನ್ ವ್ಲೆಕ್ ಜೊತೆ ನೊಬೆಲ್ ಹಂಚಿಕೊಂಡರು.

ಇವೆಲ್ಲ ಇಲೆಕ್ಟ್ರಾನುಗಳ ಮಾತು. ಆದರೆ ಪರಮಾಣುಗಳ ಜಾಲ ಹೇಗೆ ಕಟ್ಟಿಕೊಂಡಿದೆ ಎಂಬ ರಚನೆಯ ಪ್ರಶ್ನೆಗೆ ನಿಜವಾದ ತಿರುವು ಸಿಕ್ಕಿದ್ದು 1979ರಲ್ಲಿ. ಜೆ.ಸಿ. ಫಿಲಿಪ್ಸ್ ಬಂಧಗಳನ್ನು ಕಟ್ಟುಪಾಡುಗಳಂತೆ ಎಣಿಸಿದರು. 1983ರಲ್ಲಿ ಥಾರ್ಪ್ ಆ ಲೆಕ್ಕವನ್ನು ಮುಂದುವರಿಸಿದರು. ಒಂದು ಪರಮಾಣುವಿಗೆ ಸರಾಸರಿ r ಬಂಧಗಳಿದ್ದರೆ, ಬಂಧದ ಉದ್ದವನ್ನು ಕಾಯುವ ಕಟ್ಟುಪಾಡು r/2, ಕೋನವನ್ನು ಕಾಯುವುದು 2r−3. ಇವೆರಡರ ಮೊತ್ತ ಪರಮಾಣುವಿನ ಮೂರು ಚಲನಸ್ವಾತಂತ್ರ್ಯಗಳಿಗೆ ಸಮವಾಗುವುದು r = 2.4 ಆದಾಗ. ಅದಕ್ಕಿಂತ ಕೆಳಗೆ ಜಾಲ ಸಡಿಲ, ಮೇಲೆ ಬಿಗಿ. ಜರ್ಮೇನಿಯಂ–ಸೆಲೆನಿಯಂ ಗಾಜಿನಲ್ಲಿ ಇದು ಶೇ. 20 ಜರ್ಮೇನಿಯಂ ಇರುವ ಮಿಶ್ರಣ.

ಲೆಕ್ಕ ಸರಳ, ಪುರಾವೆ ಸರಳವಲ್ಲ. ಹಲವು ಗುಣಗಳು 2.4ರಲ್ಲಿ ಬದಲಾಗದೆ 2.67ರ ಬಳಿ ಬದಲಾಗುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಗೊಂದಲಕ್ಕೆ ಕೈಹಾಕಿತು. ಅದಕ್ಕೂ ಮೊದಲೇ ಅಲ್ಲಿ ಕೆ.ಜೆ. ರಾವ್ ಮತ್ತು ಆರ್. ಮೋಹನ್ 1981ರಲ್ಲಿ ರಾಸಾಯನಿಕ ಬಂಧಗಳಿಂದಲೇ ಶಕ್ತಿಯ ಅಂತರವನ್ನು ಅಂದಾಜು ಮಾಡುವ ದಾರಿ ಸೂಚಿಸಿದ್ದರು. ಇ.ಎಸ್.ಆರ್. ಗೋಪಾಲ್ ಅವರ ಬಳಗ ಗಾಜನ್ನು ಭಾರೀ ಒತ್ತಡಕ್ಕೆ ಸಿಲುಕಿಸಿ ವಿದ್ಯುತ್ ರೋಧವನ್ನು ಅಳೆಯಿತು. ಸುಮಾರು 5 ಗಿಗಾಪಾಸ್ಕಲ್ ಒತ್ತಡದಲ್ಲಿ, ಶೇ. 20 ಜರ್ಮೇನಿಯಂ ಇರುವ ಟೆಲ್ಯುರಿಯಂ ಗಾಜು ಹರಳುಗಟ್ಟಿ ಲೋಹದಂತೆ ವರ್ತಿಸಿತು. 1989ರಲ್ಲಿ ಎಸ್. ಅಶೋಕನ್, ಎಂ.ವಿ.ಎನ್. ಪ್ರಸಾದ್, ಜಿ. ಪಾರ್ಥಸಾರಥಿ ಮತ್ತು ಗೋಪಾಲ್ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಎರಡು ಬೇರೆ ಬೇರೆ ಹೊಸ್ತಿಲುಗಳನ್ನು ಗುರುತಿಸಿದರು: ಒಂದು ಯಾಂತ್ರಿಕ (ಸಡಿಲ ಜಾಲ ಬಿಗಿಯಾಗುವ 2.4), ಇನ್ನೊಂದು ರಾಸಾಯನಿಕ. ಎರಡನೆಯದು ಧಾತುಗಳ ಪ್ರಮಾಣ ಸಂಯುಕ್ತದ ಸೂತ್ರಕ್ಕೆ ಹೊಂದುವ ಬಿಂದು. ಜರ್ಮೇನಿಯಂ ಡೈಸೆಲೆನೈಡಿನಲ್ಲಿ ಸರಾಸರಿ ಬಂಧಸಂಖ್ಯೆ ಸರಿಯಾಗಿ 2.67. ಹೊರಗಿನ ಇತಿಹಾಸಗಳಲ್ಲಿ ಈ ಕೆಲಸಕ್ಕೆ ಅಡಿಟಿಪ್ಪಣಿಗಿಂತ ಹೆಚ್ಚಿನ ಜಾಗ ಸಲ್ಲುತ್ತದೆ.

ಆಮೇಲೆ ಅಶೋಕನ್ ಅವರ ತಂಡ ಮಿಶ್ರಣ ಬದಲಾದಂತೆ ಸ್ವಿಚಿಂಗ್ ವೋಲ್ಟೇಜ್ ಹೇಗೆ ಬದಲಾಗುತ್ತದೆಂದು ನೋಡತೊಡಗಿತು. ಅಷ್ಟರಲ್ಲಿ ಸಿನ್ಸಿನಾಟಿಯ ಪುನೀತ್ ಬೂಲ್‌ಚಂದ್ ಸಡಿಲ ಮತ್ತು ಬಿಗಿ ಸ್ಥಿತಿಗಳ ನಡುವೆ ಇರುವುದು ಒಂದು ಬಿಂದುವಲ್ಲ, ಒಂದು ವ್ಯಾಪ್ತಿ ಎಂದು ವಾದಿಸಿದರು. ಗಾಜು ಮೆದುವಾಗುವಾಗಿನ ಹಿಮ್ಮರಳದ ಉಷ್ಣ ಆ ವ್ಯಾಪ್ತಿಯಲ್ಲಿ ಬಹುತೇಕ ಇಲ್ಲವಾಗುತ್ತದೆಂಬುದು ಅವರ ಆಧಾರ. ಎಕ್ಸ್‌ರೇ, ನ್ಯೂಟ್ರಾನ್ ಚದುರಿಕೆಯಲ್ಲಿ ಅದಕ್ಕೆ ತಕ್ಕ ಸ್ಪಷ್ಟ ರಚನಾಗುರುತು ಸಿಗುವುದಿಲ್ಲವೆಂಬುದು ಎದುರುವಾದ. ಮಾದರಿ ಎಷ್ಟು ಏಕರೂಪವಾಗಿ ಬೆರೆತಿದೆ ಎಂಬುದರ ಮೇಲೆ ಫಲಿತಾಂಶ ನಿಂತಿದೆ ಎಂದು ಬೂಲ್‌ಚಂದ್ ಬಳಗ ಉತ್ತರಿಸಿದೆ.