ಎರಡು ಸ್ಥಾನಗಳ ಎಣಿಕೆ

ಸಾಮ್ರಾಜ್ಯಗಳ ಉದಯಾಸ್ತಗಳನ್ನೇ ನಾವು ಚರಿತ್ರೆಯೆಂದು ಓದುವುದು ವಾಡಿಕೆ. ಆದರೆ ಒಂದು ರಾಜ್ಯದ ಭವಿತವ್ಯವು ಕೆಲವೇ ಮತಪತ್ರಗಳನ್ನು ಅವಲಂಬಿಸುವುದೂ ಉಂಟು. ಅಮೆರಿಕದ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡಿನಲ್ಲಿ 1935ರ ಜನವರಿ 1ರಂದು ನಡೆದುದು ಅಂಥದೊಂದು ಪ್ರಸಂಗ.

ಆ ರಾಜ್ಯದ ಶಾಸನಸಭೆಯ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಊರಿಗೊಬ್ಬ ಸದಸ್ಯನೆಂಬುದು ಹಳೆಯ ಕಟ್ಟಳೆ. ನಾಲ್ಕುನೂರರಷ್ಟು ಜನರಿದ್ದ ವೆಸ್ಟ್ ಗ್ರೀನಿಚ್ ಗ್ರಾಮಕ್ಕೂ ಒಂದು ಸ್ಥಾನ. ಎರಡೂವರೆ ಲಕ್ಷ ಜನರಿದ್ದ ರಾಜಧಾನಿ ಪ್ರಾವಿಡೆನ್ಸಿಗೆ, ಮುಂದೆ ಬಂದ ತಿದ್ದುಪಡಿಯ ನಂತರವೂ, ದಕ್ಕಿದ್ದು ಬೆರಳೆಣಿಕೆಯ ಸ್ಥಾನಗಳು ಮಾತ್ರ. ಆದ್ದರಿಂದ ಗ್ರಾಮಗಳ ಬಲವಿದ್ದ ರಿಪಬ್ಲಿಕನ್ನರು ದೀರ್ಘಕಾಲ ಮೇಲ್ಮನೆಯನ್ನು ಆಳಿದರು. ನಗರದ ಗಿರಣಿ ಕಾರ್ಮಿಕರ ಮತಕ್ಕೆ ಅಲ್ಲಿ ಬೆಲೆ ಕಡಿಮೆ.

ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತವು ಬಂದೆರಗಿತು. ಬಟ್ಟೆಯ ಗಿರಣಿಗಳು ಸೊರಗಿದವು. 1934ರ ಸೆಪ್ಟೆಂಬರಿನ ಮುಷ್ಕರದಲ್ಲಿ ಸೇಲ್ಸ್‌ವಿಲ್, ವೂನ್‌ಸಾಕೆಟ್‌ಗಳ ಬೀದಿಗೆ ಸೈನಿಕರು ಇಳಿದರು. ನವೆಂಬರಿನ ಚುನಾವಣೆಯಲ್ಲಿ ಡೆಮಾಕ್ರಾಟ್ ಗವರ್ನರ್ ಥಿಯೊಡೋರ್ ಫ್ರಾನ್ಸಿಸ್ ಗ್ರೀನ್ ಪುನಃ ಗೆದ್ದರು. ಆದರೆ 42 ಸ್ಥಾನಗಳ ಮೇಲ್ಮನೆಯಲ್ಲಿ ಅವರ ಪಕ್ಷಕ್ಕೆ ಬಂದುದು 20 ಮಾತ್ರ.

ಪೋರ್ಟ್ಸ್‌ಮತ್, ಸೌತ್ ಕಿಂಗ್‌ಸ್ಟನ್ ಎಂಬ ಎರಡು ಊರುಗಳ ಫಲಿತಾಂಶಗಳು ವಿವಾದಕ್ಕೆ ಸಿಲುಕಿದ್ದವು. ಸಭೆಯ ಅಧ್ಯಕ್ಷತೆ ವಹಿಸಿದ್ದ ಲೆಫ್ಟಿನೆಂಟ್ ಗವರ್ನರ್ ರಾಬರ್ಟ್ ಕ್ವಿನ್, ಅಲ್ಲಿ ಗೆದ್ದರೆಂದು ಘೋಷಿತರಾಗಿದ್ದ ರಿಪಬ್ಲಿಕನ್ನರಿಗೆ ಪ್ರಮಾಣವಚನ ಬೋಧಿಸಲಿಲ್ಲ. ಮೂವರ ಸಮಿತಿಯೊಂದು ಮತಪತ್ರಗಳನ್ನು ಮತ್ತೆ ಎಣಿಸಿತು. ಆ ಮೂವರಲ್ಲಿ ಇಬ್ಬರು ಡೆಮಾಕ್ರಾಟರು. ಎರಡೂ ಸ್ಥಾನಗಳು ಡೆಮಾಕ್ರಾಟರಿಗೆ ಸಂದುವೆಂದು ಸಮಿತಿ ಸಾರಿತು. 22–20ರ ಬಹುಮತವು ಪಕ್ಕ ಬದಲಿಸಿತು. ಅದೇ ದಿನ ಶಾಸನಸಭೆಯು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಸ್ಥಾನಗಳನ್ನೂ ತೆರವೆಂದು ಸಾರಿತು. ಚದುರಿದ್ದ ಮಂಡಲಿಗಳನ್ನು ಕೆಲವೇ ಇಲಾಖೆಗಳಲ್ಲಿ ಸೇರಿಸಿತು. ಜನರು ಇದನ್ನು ರಕ್ತರಹಿತ ಕ್ರಾಂತಿಯೆಂದು ಕರೆದರು.

ಹಳೆಯ ವ್ಯವಸ್ಥೆಯು ಅನ್ಯಾಯದ್ದೆಂಬುದನ್ನು ನಾವು ಒಪ್ಪಲೇಬೇಕು. ಆದರೆ ಸ್ಪರ್ಧಿಸಿದ ಪಕ್ಷವೇ ಎಣಿಸಿ ತೀರ್ಪು ಕೊಟ್ಟರೆ, ಆ ತೀರ್ಪು ದಿಟವಾದರೂ ಸೋತವನ ಮನಸ್ಸನ್ನು ಒಪ್ಪಿಸಲಾರದು. 1938ರಲ್ಲಿ ಜನರು ಗವರ್ನರ್ ಪದವಿಯನ್ನು ಮರಳಿ ರಿಪಬ್ಲಿಕನ್ನರಿಗೇ ಕೊಟ್ಟರು. ಮೂಲದ ಅಸಮಾನತೆಗೆ ಮದ್ದು ದೊರೆತುದು 1964ರಲ್ಲಿ: ರಾಜ್ಯಗಳ ಎರಡು ಸದನಗಳೂ ಜನಸಂಖ್ಯೆಗೆ ಅನುಗುಣವಾಗಿರಬೇಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು.

ಸಂಖ್ಯೆಯ ಬೆಲೆಯನ್ನು ಗಡಿನಾಡಿನ ನಾವು ಅರಿಯದವರಲ್ಲ. ಎಣಿಕೆಯಲ್ಲಿ ಸೇರುವುದು ಎಷ್ಟು ಮುಖ್ಯವೋ, ಎಣಿಸುವ ಕೈ ನಿಷ್ಪಕ್ಷಪಾತವಾಗಿರುವುದೂ ಅಷ್ಟೇ ಮುಖ್ಯವೆಂಬುದನ್ನು ಆ ಎರಡು ಚಿಕ್ಕ ಊರುಗಳ ಕಥೆಯು ನಮಗೆ ನೆನಪಿಸುತ್ತದೆ.