ಮನೆಯ ರೌಟರಿಗೆ ಜೋಡಿಸಿದ ಡ್ರೈವಿನ ಕಡತಗಳನ್ನು ದೂರದಿಂದ ನೋಡುವುದು

ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಸದಸ್ಯರು ಕೇಳುವ ಪ್ರಶ್ನೆ ಇದು. ಊರಿನ ಮನೆಯ ವೈಫೈ ರೌಟರಿನ ಹಿಂದೆ ಯುಎಸ್‌ಬಿ ಕಿಂಡಿ ಇದೆ. ಅಲ್ಲಿ ಹಾರ್ಡ್ ಡಿಸ್ಕ್ ಸಿಕ್ಕಿಸಿಟ್ಟರೆ ಅದರಲ್ಲಿರುವ ಜಮೀನಿನ ಕಾಗದಪತ್ರ, ಹಳೆಯ ಫೋಟೋಗಳನ್ನು ಮಕ್ಕಳು ಅಲ್ಲಿಂದಲೇ ತೆರೆಯಬಹುದೇ? ತೆರೆಯಬಹುದು. ಯಾವ ದಾರಿಯಿಂದ ಎಂಬುದೇ ಮುಖ್ಯ.

ಮೊದಲು ಮನೆಯೊಳಗೆ ಸರಿಯಾಗಲಿ. ರೌಟರಿನ ಸೆಟ್ಟಿಂಗ್ ಪುಟದಲ್ಲಿ ಫೈಲ್ ಶೇರಿಂಗ್ ಆನ್ ಮಾಡಿ, ಅದಕ್ಕೆ ಪ್ರತ್ಯೇಕ ಹೆಸರು, ಪಾಸ್‌ವರ್ಡ್ ಕೊಡಿ. ಕಂಪ್ಯೂಟರಿನಲ್ಲಿ ಡ್ರೈವ್ ಕಾಣದಿದ್ದರೆ ರೌಟರ್ ಹಳೆಯದಾಗಿ, ಎಸ್‌ಎಂಬಿ 1 ಎಂಬ ಹಳೆಯ ಪದ್ಧತಿಯನ್ನಷ್ಟೇ ಬಲ್ಲದ್ದಾಗಿರಬಹುದು. 2017ರ ಕೊನೆಯಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಅದು ತಾನಾಗಿ ಬರುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ವಾನಾಕ್ರೈ ವೈರಸ್ ಹರಡಿದ್ದು ಇದರ ದೋಷದ ಮೂಲಕವೇ. ಯಾರಾದರೂ ಅದನ್ನು ಮತ್ತೆ ಆನ್ ಮಾಡಿಕೊಡುತ್ತೇನೆಂದರೆ ಬೇಡ ಎನ್ನಿ. ಡಿಸ್ಕ್ ಎಫ್‌ಎಟಿ 32 ಮಾದರಿಯದ್ದಾದರೆ 4 ಜಿಬಿಗಿಂತ ದೊಡ್ಡ ಫೈಲು, ಅಂದರೆ ಮದುವೆಯ ಉದ್ದದ ವಿಡಿಯೋ, ಅದರಲ್ಲಿ ಹಿಡಿಯದು.

ಇನ್ನು ಹೊರಗಿನಿಂದ. ರೌಟರಿನ ಪುಟದಲ್ಲಿ ಇಂಟರ್ನೆಟ್ ಅಥವಾ ವ್ಯಾನ್ ಐಪಿ ಎಂದು ಒಂದು ಸಂಖ್ಯೆ ಇರುತ್ತದೆ. ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಎಂದು ಹುಡುಕಿ, ಯಾವುದಾದರೂ ತಾಣ ತೋರಿಸುವ ಸಂಖ್ಯೆಯೊಂದಿಗೆ ಅದನ್ನು ಹೋಲಿಸಿ. ಎರಡೂ ಒಂದೇ ಆದರೆ ಮನೆಗೆ ಸ್ವಂತ ವಿಳಾಸ ಇದೆ. ಬೇರೆಯಾದರೆ, ಅದರಲ್ಲೂ ರೌಟರಿನ ಸಂಖ್ಯೆ 100.64ರಿಂದ 100.127ರ ನಡುವಿನದ್ದಾದರೆ, ಕಂಪನಿಯವರು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಆಗ ಹೊರಗಿನಿಂದ ನೇರವಾಗಿ ನಿಮ್ಮ ರೌಟರನ್ನು ತಲುಪಲಾಗದು. ಎಷ್ಟೋ ಮಂದಿ ಸೆಟ್ಟಿಂಗ್ ತಿದ್ದಿ ತಿದ್ದಿ ಸೋಲುವುದು ಇಲ್ಲೇ.

ಸ್ವಂತ ವಿಳಾಸ ಇದ್ದವರಿಗೆ ರೌಟರ್ ಹಲವು ಸುಲಭದ ದಾರಿ ತೋರಿಸುತ್ತದೆ. ಎಫ್‌ಟಿಪಿ ಆನ್ ಮಾಡಿ, 21ನೇ ಪೋರ್ಟ್ ತೆರೆಯಿರಿ, ಮುಗಿಯಿತು ಎನ್ನುತ್ತದೆ. ಸಾದಾ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಅಂಚೆ ಕಾರ್ಡಿನ ಬರಹದಂತೆ ಬಯಲಾಗಿ ಹೋಗುತ್ತದೆ. ಫೈಲ್ ಶೇರಿಂಗಿನ 445ನೇ ಪೋರ್ಟನ್ನಂತೂ ಹೊರಗೆ ತೆರೆಯಲೇಬಾರದು. ಇದು ಸುಮ್ಮನೆ ಹೆದರಿಸುವ ಮಾತಲ್ಲ. 2014ರ ಫೆಬ್ರವರಿಯಲ್ಲಿ ಏಸಸ್ ರೌಟರುಗಳಿಗೆ ಜೋಡಿಸಿದ್ದ 12,900ಕ್ಕೂ ಹೆಚ್ಚು ಡ್ರೈವುಗಳೊಳಗೆ ಅಪರಿಚಿತರು ನುಗ್ಗಿದರು. ಅದರ ಒಂದು ಸೇವೆಯಲ್ಲಿ, ಮಾಲೀಕರು ಬದಲಿಸದಿದ್ದರೆ, ಡ್ರೈವ್ ಯಾರಿಗೆ ಬೇಕಾದರೂ ತೆರೆದೇ ಇರುತ್ತಿತ್ತು. ಅಮೆರಿಕದ ವ್ಯಾಪಾರ ಆಯೋಗ ಕ್ರಮ ಕೈಗೊಂಡು, 2016ರಲ್ಲಿ ಆ ಕಂಪನಿ 20 ವರ್ಷ ಹೊರಗಿನವರಿಂದ ಭದ್ರತಾ ತಪಾಸಣೆಗೆ ಒಪ್ಪಬೇಕಾಯಿತು.

ಸರಿಯಾದ ದಾರಿ ವಿಪಿಎನ್. ರೌಟರಿನಲ್ಲಿ ಓಪನ್‌ವಿಪಿಎನ್ ಅಥವಾ ವೈರ್‌ಗಾರ್ಡ್ ಸರ್ವರ್ ಇದ್ದರೆ ಅದನ್ನು ಆನ್ ಮಾಡಿ, ಅದು ಕೊಡುವ ಫೈಲನ್ನು ಮಗನ ಫೋನಿಗೋ ಮಗಳ ಲ್ಯಾಪ್‌ಟಾಪಿಗೋ ಹಾಕಿದರೆ, ಅದು ಮನೆಯ ವೈಫೈಯೊಳಗೇ ಇದ್ದಂತೆ ಕೆಲಸ ಮಾಡುತ್ತದೆ. ಮನೆಯ ವಿಳಾಸ ಆಗಾಗ ಬದಲಾಗುವುದಾದರೆ ರೌಟರಿನಲ್ಲೇ ಡಿಡಿಎನ್‌ಎಸ್ ಹೆಸರು ಪಡೆಯಿರಿ. ಕೆಲವು ಕೊಲ್ಲಿ ದೇಶಗಳಲ್ಲಿ ವಿಪಿಎನ್ ಬಳಕೆಗೆ ಕಟ್ಟುಪಾಡುಗಳಿವೆ, ಅಲ್ಲಿರುವವರು ನಿಯಮ ನೋಡಿಕೊಂಡೇ ಮುಂದುವರಿಯಲಿ. ಹಂಚಿಕೆಯ ವಿಳಾಸದವರು ಕಂಪನಿಗೆ ಹಣ ಕಟ್ಟಿ ಸ್ವಂತ ವಿಳಾಸ ಕೇಳಬಹುದು, ಇಲ್ಲವೇ ಮನೆಯಲ್ಲಿ ಸದಾ ಚಾಲೂ ಇರುವ ಕಂಪ್ಯೂಟರಿನಲ್ಲಿ ಟೇಲ್‌ಸ್ಕೇಲ್‌ನಂಥ ಆ್ಯಪ್ ಹಾಕಬಹುದು.

ಸಿಡಿಲಿನ ದಿನಗಳಲ್ಲಿ ರೌಟರಿನ ವಯರ್ ಕಿತ್ತಿಡುವ ನಮ್ಮ ಕಡೆಯ ಅಭ್ಯಾಸ ಒಳ್ಳೆಯದೇ. ಆಗ ಡ್ರೈವ್ ಸಿಗುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ತಿಳಿಸಿರಿ. ಡಿಸ್ಕ್ ಕೈಕೊಟ್ಟರೆ ರೌಟರ್ ಏನೂ ಮಾಡಲಾರದು, ಆದ್ದರಿಂದ ಕಾಗದಪತ್ರಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ನಿಮ್ಮ ರೌಟರಿನಲ್ಲಿ ಈ ಸೌಲಭ್ಯ ಇದೆಯೇ ಎಂದು ತಿಳಿಯಬೇಕಾದರೆ ಅದರ ಅಡಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಸಂಘಕ್ಕೆ ಬರೆದು ಕಳುಹಿಸಿ. ಫೋಟೋ ಬೇಡ, ಅದೇ ಚೀಟಿಯಲ್ಲಿ ವೈಫೈ ಪಾಸ್‌ವರ್ಡೂ ಇರುತ್ತದೆ.